ಕೊಟ್ಟಿಗೆಯಿಂದ ಒಲೆಯವರೆಗೆ: ಗೋಬರ್ ಗ್ಯಾಸ್ ಪೈಪಿನ ಅಳತೆ, ಇಳಿಜಾರು, ಜೋಡಣೆ

ಗೋಬರ್ ಗ್ಯಾಸ್ ಒಲೆ ಮಂಕಾದ ಕೂಡಲೇ ಬೈಗುಳ ಬೀಳುವುದು ಸಗಣಿಗೆ, ಇಲ್ಲವೇ ಗುಂಡಿ ಕಟ್ಟಿದ ಮೇಸ್ತ್ರಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಕೊಟ್ಟಿಗೆ ಒಂದು ಮೂಲೆಗೆ, ಅಡುಗೆಮನೆ ಇನ್ನೊಂದು ಮೂಲೆಗೆ. ನಡುವೆ ಅಂಗಳ ದಾಟಿ ಮೂವತ್ತು, ನಲವತ್ತು ಮೀಟರ್ ಪೈಪು. ತೊಂದರೆ ಅನೇಕ ಸಲ ಇರುವುದು ಅಲ್ಲೇ. ಪೈಪು ಸಪೂರ ಆಗಿರುತ್ತದೆ, ಅಥವಾ ಅದರ ಹೊಟ್ಟೆಯಲ್ಲಿ ನೀರು ನಿಂತಿರುತ್ತದೆ. ಪೈಪು ತರಲು ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಅಳೆದು, ಅರ್ಧ ತಾಸು ಲೆಕ್ಕಕ್ಕೆ ಕೂತರೆ ಎರಡನ್ನೂ ತಪ್ಪಿಸಬಹುದು.

ಒಂದು ಹೊತ್ತಿಗೆ ಎಷ್ಟು ಗ್ಯಾಸ್ ಹರಿಯಬೇಕು

ಪ್ಲಾಂಟು 2 ಘನ ಮೀಟರಿನದೋ 3 ಘನ ಮೀಟರಿನದೋ ಎಂಬುದರಿಂದ ಪೈಪಿನ ಅಳತೆ ತೀರ್ಮಾನವಾಗುವುದಿಲ್ಲ. ಅದು ಇಡೀ ದಿನದಲ್ಲಿ ಹುಟ್ಟುವ ಗ್ಯಾಸಿನ ಲೆಕ್ಕ. ಒಂದು ಘನ ಮೀಟರಿಗೆ ಸುಮಾರು 25 ಕೆ.ಜಿ. ಹಸಿ ಸಗಣಿ, ಅಷ್ಟೇ ನೀರು. ಹಗಲು ಬೆಟ್ಟಕ್ಕೆ ಮೇಯಲು ಹೋಗುವ ಮಲೆನಾಡು ಗಿಡ್ಡ ದನಗಳಾದರೆ ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದ ಸಗಣಿಯಷ್ಟೇ ಕೈಗೆ ಸಿಗುವುದು, ದನದ ತಲೆ ಎಣಿಸಿ ಪ್ಲಾಂಟಿನ ಗಾತ್ರ ಹೇಳುವವರ ಮಾತನ್ನು ನಂಬಬೇಡಿ.

ಪೈಪಿಗೆ ಬೇಕಾದದ್ದು ಎಲ್ಲ ಬರ್ನರ್ ಒಟ್ಟಿಗೆ ಉರಿಯುವಾಗಿನ ಹರಿವು. ಗೋಬರ್ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಉರಿಸುತ್ತದೆ, ಸಣ್ಣದು ಸುಮಾರು 220 ಲೀಟರ್. ಬೆಳಿಗ್ಗೆ ಒಂದರ ಮೇಲೆ ದೋಸೆ ಕಾವಲಿ, ಇನ್ನೊಂದರ ಮೇಲೆ ಹಾಲು ಇಡುವ ಮನೆಯಲ್ಲಿ ಎರಡು ದೊಡ್ಡ ಬರ್ನರ್ ಅಂತಲೇ ಹಿಡಿಯಿರಿ: ಗಂಟೆಗೆ 900 ಲೀಟರ್, ಅಂದರೆ 0.9 ಘನ ಮೀಟರ್.

ಒಲೆ ನಿಜಕ್ಕೂ ಎಷ್ಟು ಕುಡಿಯುತ್ತದೆ ಎಂದು ನೋಡಬೇಕೆಂದರೆ, ಗ್ಯಾಸು ತುಂಬಿದಂತೆ ಮೇಲೇರಿ ಖಾಲಿಯಾದಂತೆ ಇಳಿಯುವ ತೇಲುವ ಡ್ರಮ್ಮಿನ ಪ್ಲಾಂಟಿನಲ್ಲಿ ಡ್ರಮ್ಮೇ ಮೀಟರು. 1.25 ಮೀಟರ್ ವ್ಯಾಸದ ಡ್ರಮ್ಮು ಒಂದು ಸೆಂ.ಮೀ. ಇಳಿದರೆ 12.3 ಲೀಟರ್ ಗ್ಯಾಸ್ ಹೋಯಿತು ಎಂದರ್ಥ. ಒಂದೇ ಬರ್ನರ್ ಕಾಲು ಗಂಟೆ ಉರಿಸಿ. ಡ್ರಮ್ಮು ಏಳೂವರೆ ಸೆಂ.ಮೀ. ಇಳಿದರೆ 92 ಲೀಟರ್. ಅದೇ ಕಾಲು ಗಂಟೆಯಲ್ಲಿ 2 ಘನ ಮೀಟರ್ ಪ್ಲಾಂಟಿನಲ್ಲಿ ಹೊಸದಾಗಿ ಹುಟ್ಟಿದ್ದು 20 ಲೀಟರ್. ಕೂಡಿಸಿದರೆ 112, ಗಂಟೆಗೆ 450ರ ಹತ್ತಿರ. ಪೇಟೆಯ ಮನೆಗಳಿಗೆ ಕೂರಿಸುವ ಗ್ಯಾಸ್ ಮೀಟರ್ ತಂದು ಇಲ್ಲಿ ಹಾಕುವ ಆಸೆ ಬೇಡ. ಹಸಿ ಗ್ಯಾಸಿನ ನೀರು ಒಳಗೆ ಸೇರಿ ಅದು ಕೆಡುತ್ತದೆ, ತಾನೂ ಒಂದಿಷ್ಟು ಒತ್ತಡ ತಿನ್ನುತ್ತದೆ.

ಒತ್ತಡ: ಕೈಯಲ್ಲಿರುವುದು ಎಷ್ಟು, ಕಳೆಯಬಹುದಾದ್ದು ಎಷ್ಟು

ಸಿಲಿಂಡರಿನ ರೆಗ್ಯುಲೇಟರ್ ಒಲೆಗೆ ಕೊಡುವುದು ಸುಮಾರು 300 ಮಿ.ಮೀ. ನೀರಿನ ಒತ್ತಡ, ಅಂದರೆ ಅಷ್ಟು ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು. ತೇಲುವ ಡ್ರಮ್ಮು ಕೊಡುವುದು 80ರಿಂದ 100 ಮಿ.ಮೀ. ಮಾತ್ರ. ಗೋಬರ್ ಗ್ಯಾಸ್ ಒಲೆಗಳನ್ನು ಮಾಡಿರುವುದೇ 75 ಮಿ.ಮೀ. ಆಸುಪಾಸಿನ ಒತ್ತಡಕ್ಕೆ. ಹಾಗಾಗಿ ದಾರಿಯಲ್ಲಿ ಕಳೆಯಲು ಇರುವ ಬಂಡವಾಳ ಬಹಳ ಸಣ್ಣದು. ಪ್ಲಾಂಟಿನಿಂದ ಬರ್ನರ್ ತನಕ ಒಟ್ಟು ನಷ್ಟ 10 ಮಿ.ಮೀ. ಒಳಗಿರಲಿ.

1984ರಲ್ಲಿ ಬಂದ ದೀನಬಂಧು ಮಾದರಿಯ, ಅಂದರೆ ಅಲುಗಾಡದ ಗುಮ್ಮಟ ಕಟ್ಟಿದ ಪ್ಲಾಂಟಿನಲ್ಲಿ ಕತೆ ಬೇರೆ. ಗ್ಯಾಸ್ ತುಂಬಿದಾಗ ಮುಕ್ಕಾಲರಿಂದ ಒಂದು ಮೀಟರಿನಷ್ಟು ನೀರಿನ ಒತ್ತಡ. ಉರಿಸುತ್ತ ಹೋದಂತೆ ಇಳಿದು ಕೊನೆಗೆ ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಸಪೂರ ಪೈಪಿನಲ್ಲೂ ಒಲೆ ಭರ್ರೆಂದು ಉರಿಯುತ್ತದೆ, ಪ್ಲಂಬರ್ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಅನ್ನ ಬೇಯುವ ಹೊತ್ತಿಗೆ ಒತ್ತಡ 100 ಮಿ.ಮೀ.ಗೆ ಇಳಿದಾಗ ಪೈಪಿನ ಹಣೆಬರಹ ಗೊತ್ತಾಗುತ್ತದೆ. ಆದ್ದರಿಂದ ಗುಮ್ಮಟದ ಪ್ಲಾಂಟಿಗೂ ಅಳತೆ ಹಾಕುವುದು ಕಡಿಮೆ ಒತ್ತಡದ ಹೊತ್ತಿಗೆ, ಡ್ರಮ್ಮಿನ ಲೆಕ್ಕದಲ್ಲೇ.

ಒತ್ತಡ ನೋಡಲು ಮೇಸ್ತ್ರಿಗಳ ಲೆವೆಲ್ ಟ್ಯೂಬು ಸಾಕು. ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಕಾಣಲೆಂದು ಚಿಟಿಕೆ ಕುಂಕುಮ ಹಾಕಿ. ಒಂದು ತುದಿ ಪೈಪಿಗೆ, ಇನ್ನೊಂದು ತುದಿ ತೆರೆದೇ ಇರಲಿ. ಓದಬೇಕಾದದ್ದು ಎರಡು ಕಡೆಯ ನೀರಿನ ಮಟ್ಟಗಳ ನಡುವಿನ ಪೂರ್ತಿ ಅಂತರ. ಒಂದೇ ಬದಿ ಏರಿದ್ದನ್ನು ಅಳೆದು 'ಒತ್ತಡ ಅರ್ಧಕ್ಕರ್ಧ ಕಡಿಮೆ' ಎಂದು ಗಾಬರಿಯಾಗುವುದು ಮಾಮೂಲಿ ತಪ್ಪು. ಡ್ರಮ್ಮಿಗೆ 40 ಸೆಂ.ಮೀ. ಉದ್ದದ ಕಾಲುಗಳು ಸಾಕು, ಗುಮ್ಮಟಕ್ಕೆ 1.2 ಮೀಟರ್ ಬೇಕು. ಇಲ್ಲದಿದ್ದರೆ ಕುಂಕುಮದ ನೀರು ಮುಖಕ್ಕೇ.

ಪೈಪಿನ ಲೆಕ್ಕ

ಗಂಟೆಗೆ 0.9 ಘನ ಮೀಟರ್ ಹರಿಯುವಾಗ ನೇರ ಪೈಪಿನ ಪ್ರತಿ ಮೀಟರಿಗೆ ಆಗುವ ನಷ್ಟ ಹೀಗೆ: ಒಳವ್ಯಾಸ 16 ಮಿ.ಮೀ. ಇರುವ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ 0.22 ಮಿ.ಮೀ., 21 ಮಿ.ಮೀ. ಇರುವ ಮುಕ್ಕಾಲು ಇಂಚಿನಲ್ಲಿ 0.07, 27 ಮಿ.ಮೀ. ಇರುವ ಒಂದಿಂಚಿನಲ್ಲಿ 0.03. ಒಂದೇ ದೊಡ್ಡ ಬರ್ನರ್ ಆದರೆ ಇದರ ಅರ್ಧ. ಈ ನಿಧಾನದ ಹರಿವಿನಲ್ಲಿ ವ್ಯಾಸ ಅರ್ಧವಾದರೆ ತಡೆ ಹದಿನಾರು ಪಟ್ಟಾಗುತ್ತದೆ, ಅದಕ್ಕೇ ಕಾಲಿಂಚಿನ ವ್ಯತ್ಯಾಸ ಇಷ್ಟು ದೊಡ್ಡದು. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪಿಗೆ ಅಂಗಡಿಯವರು ಹೇಳುವುದು ಹೊರವ್ಯಾಸ. 25 ಮಿ.ಮೀ. ಪೈಪು ಕೈಗೆ ದಪ್ಪ ಅನಿಸಿದರೂ ಒಳಗೆ 20 ಮಿ.ಮೀ. ಆಸುಪಾಸು, ಅದು ಮುಕ್ಕಾಲು ಇಂಚಿಗೆ ಸಮ.

ಪ್ರತಿ ಎಲ್ಬೋಗೆ (ತಿರುವಿನ ಜೋಡಣೆ) ಅರ್ಧ ಮೀಟರ್, ಪ್ರತಿ ಟೀಗೆ (ಮೂರು ಬಾಯಿಯ ಜೋಡಣೆ) ಅರ್ಧ ಮೀಟರ್ ಉದ್ದ ಕೂಡಿಸಿ. ಒಂದು ಮನೆಯನ್ನೇ ತೆಗೆದುಕೊಳ್ಳೋಣ: ಪ್ಲಾಂಟಿನಿಂದ ಒಲೆಗೆ ದಾರಿ ಹಿಡಿದು ಅಳೆದರೆ 42 ಮೀಟರ್, ಆರು ಎಲ್ಬೋ, ಎರಡು ಟೀ. ಲೆಕ್ಕದ ಉದ್ದ 46 ಮೀಟರ್. ಅರ್ಧ ಇಂಚಿನಲ್ಲಿ 10 ಮಿ.ಮೀ. ನಷ್ಟ, ಮುಕ್ಕಾಲಿನಲ್ಲಿ 3.2.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಇಂಚೂ ನಡೆದೀತು ಎನಿಸುತ್ತದೆ. ಎಲ್ಲರೂ ಮರೆಯುವುದು ಕೊನೆಯ ಒಂದೂವರೆ ಮೀಟರ್ ರಬ್ಬರ್ ಟ್ಯೂಬನ್ನು. ಸಿಲಿಂಡರಿಗೆ ಬಳಸುವ ಟ್ಯೂಬಿನ ಒಳವ್ಯಾಸ 8 ಮಿ.ಮೀ. ಹದಿನಾರರ ಅರ್ಧ, ತಡೆ ಹದಿನಾರು ಪಟ್ಟು. ಒಂದೂವರೆ ಮೀಟರ್ ಟ್ಯೂಬು ಅರ್ಧ ಇಂಚಿನ 24 ಮೀಟರ್ ಪೈಪಿಗೆ ಸಮನಾಯಿತು, ಅದೊಂದೇ 5 ಮಿ.ಮೀ.ಗಿಂತ ಹೆಚ್ಚು ತಿನ್ನುತ್ತದೆ. ಅಂಗಳ ದಾಟಿ ಬಂದ ಮುಕ್ಕಾಲು ಇಂಚಿನ ಇಡೀ ಪೈಪು ತಿಂದದ್ದಕ್ಕಿಂತ ಇದು ಜಾಸ್ತಿ! ಅರ್ಧ ಇಂಚಿನ, ಅಂದರೆ 12.5 ಮಿ.ಮೀ. ಒಳವ್ಯಾಸದ ಟ್ಯೂಬು ಹಾಕಿದರೆ ಅದೇ ಉದ್ದಕ್ಕೆ ನಷ್ಟ 1 ಮಿ.ಮೀ. ಕೂಡ ಆಗುವುದಿಲ್ಲ. ಒಲೆ ಕೊಳ್ಳುವಾಗಲೇ ಅದರ ನಾಝಲ್ ಅರ್ಧ ಇಂಚಿನ ಟ್ಯೂಬು ಹಿಡಿಯುತ್ತದೆಯೇ ನೋಡಿ.

ತುಕ್ಕು, ಒಳಗಿನ ಚಕ್ಕೆ, ವಾಲ್ವು ಎಲ್ಲಕ್ಕೂ ಸೇರಿ ಒಟ್ಟು ನಷ್ಟವನ್ನು ಒಂದೂವರೆ ಪಟ್ಟು ಮಾಡಿ. ಅರ್ಧ ಇಂಚಿನ ಪೈಪು ಮತ್ತು 8 ಮಿ.ಮೀ. ಟ್ಯೂಬು: ಸುಮಾರು 23 ಮಿ.ಮೀ. ಮುಕ್ಕಾಲು ಇಂಚು ಮತ್ತು 12.5ರ ಟ್ಯೂಬು: 6 ಮಿ.ಮೀ. ಡ್ರಮ್ಮಿನಲ್ಲಿ 85 ಮಿ.ಮೀ. ಇದ್ದರೆ ಮೊದಲನೆಯದರಲ್ಲಿ ಒಲೆಗೆ ತಲುಪುವುದು 62, ಎರಡನೆಯದರಲ್ಲಿ 79. ಒಲೆಯೊಳಗಿನ ಸಣ್ಣ ತೂತಾದ ಜೆಟ್ಟಿನಿಂದ ಹೊರಬರುವ ಗ್ಯಾಸು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಮೊದಲ ಒಲೆಯ ಶಾಖ ಎರಡನೆಯದಕ್ಕಿಂತ ಸುಮಾರು ಶೇ. 11 ಕಡಿಮೆ. ಮುಕ್ಕಾಲು ಇಂಚೇ ಸರಿ. 80 ಮೀಟರ್ ದಾಟಿದರೆ, ಅಥವಾ ಮದುವೆ ಮುಂಜಿಗೆ ಮೂರನೇ ಬರ್ನರ್ ಸೇರಿಸುವ ವಿಚಾರವಿದ್ದರೆ, ಒಂದಿಂಚು ಹಾಕಿಬಿಡಿ. ಅಗೆತದ ಕೂಲಿ ಎರಡಕ್ಕೂ ಒಂದೇ.

ಹಾಕಿ ಆಗಿಹೋದ ಸಪೂರ ಪೈಪಿಗೆ ಡ್ರಮ್ಮಿನಲ್ಲಾದರೆ ತಾತ್ಕಾಲಿಕ ಉಪಾಯವೊಂದಿದೆ. ಡ್ರಮ್ಮಿನ ಮೇಲೆ ಪ್ರತಿ ಚದರ ಮೀಟರಿಗೆ 10 ಕೆ.ಜಿ. ಭಾರ ಇಟ್ಟರೆ ಒತ್ತಡ 10 ಮಿ.ಮೀ. ಏರುತ್ತದೆ, 1.25 ಮೀಟರ್ ಡ್ರಮ್ಮಿಗೆ ಇದು ಸುಮಾರು 12 ಕೆ.ಜಿ. ಕಲ್ಲುಗಳನ್ನು ಸುತ್ತಲೂ ಸಮನಾಗಿ ಇಡಬೇಕು, ಒಂದೇ ಬದಿಗೆ ಇಟ್ಟರೆ ಡ್ರಮ್ಮು ವಾಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಪೈಪಿನಲ್ಲಿ ನೀರು

ಗುಂಡಿಯಿಂದ ಬರುವ ಗ್ಯಾಸು ತೇವದಿಂದ ತುಂಬಿರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ, 20 ಡಿಗ್ರಿಗೆ ತಣಿದರೆ ಉಳಿಯುವುದು 17. ಉಳಿದ 13 ಗ್ರಾಂ ಪೈಪಿನಲ್ಲೇ ನೀರಾಗಿ ಇಳಿಯುತ್ತದೆ. ದಿನಕ್ಕೆ 2 ಘನ ಮೀಟರ್ ಉರಿಸುವ ಮನೆಯಲ್ಲಿ ತಿಂಗಳಿಗೆ ಮುಕ್ಕಾಲು ಲೀಟರಿಗೂ ಹೆಚ್ಚು. ಅರ್ಧ ಇಂಚಿನ ಪೈಪು ಮೀಟರಿಗೆ ಹಿಡಿಯುವುದೇ 200 ಮಿ.ಲೀ. ಎಲ್ಲಾದರೂ ತಗ್ಗು ಇದ್ದರೆ ಒಂದೇ ತಿಂಗಳಲ್ಲಿ ನಾಲ್ಕು ಮೀಟರ್ ಪೈಪು ಮುಚ್ಚಿಹೋಗುವಷ್ಟು ನೀರು. ಶಿರಸಿ ಕಡೆ ಚಳಿಗಾಲದ ಬೆಳಿಗ್ಗೆ ಒಲೆ ಕೈಕೊಡುವುದರ ಹಿಂದೆ ಇದೂ ಇದೆ: ಗುಂಡಿಯೂ ತಣ್ಣಗಾಗಿ ಗ್ಯಾಸು ಕಡಿಮೆ, ಪೈಪಿನಲ್ಲಿ ನೀರು ಜಾಸ್ತಿ.

ಮದ್ದು ಇಳಿಜಾರು. ಮೀಟರಿಗೆ ಒಂದು ಸೆಂ.ಮೀ.ಗಿಂತ ಕಡಿಮೆ ಬೇಡ. ಸಾಧ್ಯವಾದರೆ ಅಡುಗೆಮನೆಯಿಂದ ಪ್ಲಾಂಟಿನ ಕಡೆಗೇ ಇಳಿಸಿ; ನೀರು ತಾನಾಗಿ ಗುಂಡಿಗೆ ಮರಳುತ್ತದೆ, ನಿಮಗೆ ಕೆಲಸವೇ ಇಲ್ಲ. 42 ಮೀಟರಿಗೆ 42 ಸೆಂ.ಮೀ. ಇಳಿತ ಬೇಕು, ಅದನ್ನು ಅದೇ ಲೆವೆಲ್ ಟ್ಯೂಬು ಮತ್ತು ದಾರದಿಂದ ಅಗೆತದ ತಳದಲ್ಲಿ ಪ್ರತಿ ಮೂರು ಮೀಟರಿಗೊಮ್ಮೆ ಗುರುತು ಮಾಡಿ. ಕಣ್ಣಂದಾಜು ನೆಚ್ಚಬೇಡಿ. ಅಡಿಗೆ ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಸದೆ ಎಚ್‌ಡಿಪಿಇ ಪೈಪು ಇಟ್ಟರೆ ಅದು ಕಲ್ಲಿನಿಂದ ಕಲ್ಲಿಗೆ ಜೋತುಬಿದ್ದು ತನ್ನದೇ ತಗ್ಗುಗಳನ್ನು ಮಾಡಿಕೊಳ್ಳುತ್ತದೆ.

ಜಾಗ ಒಪ್ಪದಿದ್ದರೆ ಎರಡೂ ಕಡೆಯಿಂದ ಒಂದು ತಗ್ಗಿಗೆ ಇಳಿಸಿ, ಅಲ್ಲಿ ಟೀ ಕೂರಿಸಿ, ಕೆಳಗೆ ಒಂದಡಿ ಪೈಪು ಮತ್ತು ಬಾಲ್ ವಾಲ್ವು ಹಾಕಿ. ಹದಿನೈದು ದಿನಕ್ಕೊಮ್ಮೆ ತೆರೆದು, ನೀರು ಹೋಗಿ ಗ್ಯಾಸಿನ ಸದ್ದು ಬಂದ ಕೂಡಲೇ ಮುಚ್ಚಿ. ಆಗ ಹತ್ತಿರ ಬೀಡಿ, ಬೆಂಕಿ ಬೇಡ. ತಾನೇ ನೀರು ಚೆಲ್ಲುವ ಯು ಆಕಾರದ ಬಲೆ ಡ್ರಮ್ಮಿನ ಪ್ಲಾಂಟಿಗೆ ಚೆನ್ನ, 30 ಸೆಂ.ಮೀ. ಆಳ ಸಾಕು. ಅದನ್ನೇ ನೋಡಿ ಗುಮ್ಮಟದ ಪ್ಲಾಂಟಿಗೆ ಹಾಕಿದರೆ ಮೊದಲ ರಾತ್ರಿಯೇ ಒತ್ತಡ ನೀರನ್ನು ಹೊರಗೆ ಚಿಮ್ಮಿಸಿ ಇಡೀ ಗ್ಯಾಸು ಖಾಲಿ. ಅಲ್ಲಿ ವಾಲ್ವೇ ಇರಲಿ.

ಕರಾವಳಿಯಲ್ಲಿ, ಕಾರವಾರ, ಅಂಕೋಲಾ, ಹೊನ್ನಾವರದ ಮಟ್ಟಸ ಅಂಗಳಗಳಲ್ಲಿ, ನೆಲದಡಿಯ ನೀರಿನ ಗುಂಡಿ ಜೂನ್ ಬಂದರೆ ಕೆರೆಯಾಗುತ್ತದೆ. ಮೂರು ಸಾವಿರ ಮಿ.ಮೀ. ದಾಟುವ ಮಳೆಯಲ್ಲಿ ಮುಳುಗಿದ ವಾಲ್ವನ್ನು ಯಾರೂ ಹುಡುಕಿ ತೆರೆಯುವುದಿಲ್ಲ. ಅಲ್ಲಿ ಪೈಪನ್ನು ಪಾಗಾರದ ಗುಂಟ ಕ್ಲಾಂಪು ಹೊಡೆದು ನೆಲದ ಮೇಲೇ ತನ್ನಿ, ವಾಲ್ವು ಮೊಣಕಾಲೆತ್ತರದಲ್ಲಿ ಸಿಗಲಿ.

ಯಾವ ಪೈಪು, ಹೇಗೆ ಜೋಡಣೆ

ತಾಮ್ರದ ಪೈಪು ಬೇಡವೇ ಬೇಡ. ಸಿಲಿಂಡರ್ ಗ್ಯಾಸಿಗೆ ಅದು ಒಳ್ಳೆಯದೇ. ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ನಾರುವ ಹೈಡ್ರೋಜನ್ ಸಲ್ಫೈಡ್ ಇದೆ, ಅದು ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ನೆಲದಡಿಗೆ ಎಚ್‌ಡಿಪಿಇ, ನೆಲದ ಮೇಲೆ ಮತ್ತು ಮನೆಯೊಳಗೆ ಜಿಐ. ಒಳಗೆ ಪ್ಲಾಸ್ಟಿಕ್ ಬೇಡ, ಬೆಂಕಿ ತಗುಲಿದರೆ ಕರಗಿ ಗ್ಯಾಸಿಗೆ ದಾರಿ ಮಾಡಿಕೊಡುತ್ತದೆ. ಬಿಳಿ ಪಿವಿಸಿ ಪೈಪು ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ಸಮುದ್ರದ ಗಾಳಿಗೆ ಜಿಐ ಮೊದಲು ತುಕ್ಕು ಹಿಡಿಯುವುದು ಚೂಡಿ (ಥ್ರೆಡ್) ಕೊರೆದ ಕಡೆ, ಅಲ್ಲಿನ ಸತುವಿನ ಲೇಪ ಹೋಗಿರುತ್ತದೆ. ಜೋಡಿಸಿದ ದಿನವೇ ರೆಡ್ ಆಕ್ಸೈಡ್, ಮೇಲೆ ಎನಾಮಲ್ ಬಳಿಯಿರಿ. ಘಟ್ಟದ ಮೇಲೆ ಮರದಿಂದ ಮರಕ್ಕೆ ಪೈಪು ಎಳೆಯುವವರಿಗೆ ಮಂಗಗಳ ನೆನಪಿರಲಿ.

ಅಗೆತ ಅಂಗಳದಲ್ಲಿ ಒಂದಡಿ ಆಳ, ಜೀಪು ಓಡಾಡುವ ಕಡೆ ಎರಡಡಿ. ಕೆಲಸಕ್ಕೆ ಒಳ್ಳೆಯ ಹೊತ್ತು ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ.

ಪ್ಲಾಂಟಿನ ಕಡೆಯಿಂದ ಶುರುಮಾಡಿ. ಗುಮ್ಮಟ ಅಥವಾ ಡ್ರಮ್ಮಿನಿಂದ ಹೊರಟ ಪೈಪಿಗೆ ಮೊದಲು ಬರಬೇಕಾದದ್ದು ಮುಖ್ಯ ಬಾಲ್ ವಾಲ್ವು. ಅದರ ಹಿಂದೆ ಯೂನಿಯನ್ (ಬಿಚ್ಚಿ ಕೂಡಿಸುವ ಜೋಡಣೆ), ಟೀ ಏನೂ ಬೇಡ. ಅಲ್ಲಿನ ಸೋರಿಕೆಯನ್ನು ಯಾವ ವಾಲ್ವೂ ತಡೆಯದು, ಹಗಲು ರಾತ್ರಿ ಸೋರುತ್ತದೆ. ಗಂಟೆಗೆ 5 ಲೀಟರ್ ಸೋರಿದರೂ ದಿನಕ್ಕೆ 120 ಲೀಟರ್, ಸಣ್ಣ ಬರ್ನರ್ ಅರ್ಧ ಗಂಟೆಗೂ ಹೆಚ್ಚು ಉರಿಯುವಷ್ಟು. ವಾಲ್ವಿನ ನಂತರ ಯೂನಿಯನ್, ಆಮೇಲೆ ಲೈನು. ಡ್ರಮ್ಮಾದರೆ ಅದು ಏರಿಳಿದು ತಿರುಗುವುದರಿಂದ ವಾಲ್ವಿನಿಂದ ಲೈನಿಗೆ ಬಾಗುವ ಟ್ಯೂಬು ಬೇಕು, ಡ್ರಮ್ಮು ಪೂರ್ತಿ ಮೇಲೆದ್ದಾಗ ಅದು ಎಳೆದುಕೊಳ್ಳದಷ್ಟು ಉದ್ದವಿರಲಿ, ಇಳಿದಾಗ ಮಡಚಿಕೊಳ್ಳದಿರಲಿ.

ಚೂಡಿಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಎಂಟು ಹತ್ತು ಸುತ್ತು ಸುತ್ತಿ. ಮೊದಲ ಚೂಡಿ ಬಿಟ್ಟು ಸುತ್ತಬೇಕು, ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಜೆಟ್ಟಿನಲ್ಲಿ ಕೂರುತ್ತದೆ. ಬಿಗಿದದ್ದನ್ನು ಎಲ್ಬೋ ನೇರ ಮಾಡಲೆಂದು ಹಿಂದಕ್ಕೆ ತಿರುಗಿಸಿದರೆ ಬಿಚ್ಚಿ ಹೊಸ ಟೇಪು ಹಾಕುವುದೇ ದಾರಿ. ಗೋಡೆ ದಾಟುವಾಗ ದೊಡ್ಡ ಪೈಪಿನ ತುಂಡನ್ನು ತೋಳಿನಂತೆ ಕೂರಿಸಿ ಅದರೊಳಗಿಂದ ತನ್ನಿ, ಗೋಡೆಯೊಳಗೆ ಜೋಡಣೆ ಇರಬಾರದು. ಒಳಗೆ ಒಲೆಯ ಪಕ್ಕಕ್ಕೆ, ಉರಿಯ ಮೇಲೆ ಕೈ ಚಾಚದೆ ಸಿಗುವಲ್ಲಿ, ಇನ್ನೊಂದು ಬಾಲ್ ವಾಲ್ವು. ಅದರ ನಂತರ ಪ್ಲಗ್ ಹಾಕಿದ ಒಂದು ಟೀ ಇಡಿ, ಯು ಟ್ಯೂಬು ಸಿಕ್ಕಿಸುವ ಜಾಗ ಅದು. ಆಮೇಲೆ ನಾಝಲ್, ರಬ್ಬರ್ ಟ್ಯೂಬು, ಎರಡೂ ತುದಿಗೆ ಕ್ಲಿಪ್ಪು. ಸಿಲಿಂಡರಿನ ಲೈನನ್ನು ಯಾವ ಕಾರಣಕ್ಕೂ ಇದಕ್ಕೆ ಕೂಡಿಸಬೇಡಿ. ಸಿಲಿಂಡರಿನ ಒಲೆಯ ಜೆಟ್ಟು ಗೋಬರ್ ಗ್ಯಾಸಿಗೆ ತೀರ ಸಣ್ಣದು, ಗೋಬರ್ ಗ್ಯಾಸ್ ಒಲೆಯ ಜೆಟ್ಟಿನಲ್ಲಿ ಸಿಲಿಂಡರ್ ಗ್ಯಾಸು ಬಿಟ್ಟರೆ ಉರಿ ಮಾಡಿಗೆ ತಾಗೀತು.

ಸೋರಿಕೆ ಪರೀಕ್ಷೆ

ಮಣ್ಣು ಮುಚ್ಚುವ ಮೊದಲು. ಪ್ಲಾಂಟಿನ ವಾಲ್ವು ಮುಚ್ಚಿ, ಒಲೆಯ ಕಡೆ ಯು ಟ್ಯೂಬು ಸಿಕ್ಕಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ. ಡ್ರಮ್ಮಿನ ಲೈನಿಗೆ 300 ಮಿ.ಮೀ. ತನಕ, ಗುಮ್ಮಟದ್ದಕ್ಕೆ 1 ಮೀಟರ್ ದಾಟಿಸಿ. ಕಾಲುಗಳು ಅಷ್ಟು ಉದ್ದವಿದ್ದರೆ ಮಾತ್ರ. ಹತ್ತು ನಿಮಿಷ ಬಿಟ್ಟು ಗುರುತು ಮಾಡಿ, ಅರ್ಧ ಗಂಟೆ ಕಾಯಿರಿ. ಇದನ್ನು ಬಿಸಿಲೇರುವ ಮೊದಲೇ ಮಾಡಬೇಕು, ಯಾಕೆಂದರೆ ಮುಚ್ಚಿದ ಪೈಪಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 34 ಮಿ.ಮೀ. ಏರುತ್ತದೆ. ಬಿಸಿಲು ಬಿದ್ದ ಸೋರುವ ಪೈಪು ಪಾಸಾಗುತ್ತದೆ, ಮೋಡ ಕವಿದರೆ ಒಳ್ಳೆಯ ಪೈಪೂ ಫೇಲಾಗುತ್ತದೆ.

ಇಳಿದರೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ಅಂಟುವಾಳ ನೆನೆಸಿದ ನೀರಿನ ನೊರೆ ಇನ್ನೂ ಹೊತ್ತು ನಿಲ್ಲುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದು ಬೇಡ. ಹೊಸ ಪ್ಲಾಂಟಿನ ಮೊದಲ ತುಂಬು ಗ್ಯಾಸನ್ನು ಉರಿಸದೆ ಹೊರಗೆ ಬಿಟ್ಟುಬಿಡಿ, ಅದರಲ್ಲಿ ಗಾಳಿ ಬೆರೆತಿರುತ್ತದೆ. ಲೈನಿನ ಗಾಳಿಯನ್ನೂ ಕಿಟಕಿಯಾಚೆಗೆ ಬಿಟ್ಟ ಮೇಲೆಯೇ ಒಲೆಗೆ ಕಡ್ಡಿ.

ಉರಿ ನೋಡಿ ರೋಗ ಹಿಡಿಯುವುದು

ಯು ಟ್ಯೂಬು ಅಡುಗೆಮನೆಯ ಟೀಗೆ ಸಿಕ್ಕಿಸಿ. ಒಲೆ ಆರಿಸಿ ಓದಿ, ಆಮೇಲೆ ಎರಡೂ ಬರ್ನರ್ ಹಚ್ಚಿ ಓದಿ. 85 ಇದ್ದದ್ದು 80ಕ್ಕೆ ಬಂದರೆ ಪೈಪು ಆರೋಗ್ಯವಾಗಿದೆ. ಆದರೂ ಉರಿ ಸಣ್ಣದಾದರೆ ರಬ್ಬರ್ ಟ್ಯೂಬು, ಜೆಟ್ಟು ನೋಡಿ. 85ರಿಂದ 50ಕ್ಕೆ ಕುಸಿದರೆ ಪೈಪು ಸಪೂರ, ಅಥವಾ ಎಲ್ಲೋ ಕಟ್ಟಿದೆ, ಅಥವಾ ವಾಲ್ವು ಅರ್ಧ ಮುಚ್ಚಿದೆ. ಆರಿಸಿದಾಗಲೇ ಕಡಿಮೆ ಇದ್ದರೆ ಆಗ ಪ್ಲಾಂಟಿನ ಕಡೆ ಹೋಗಿ.

ಟ್ಯೂಬಿನ ನೀರು ಮೇಲೆ ಕೆಳಗೆ ಕುಣಿಯುತ್ತ, ಉರಿಯೂ ಅದೇ ತಾಳಕ್ಕೆ ಎದ್ದು ಬಿದ್ದು, ಪೈಪಿಗೆ ಕಿವಿಯಿಟ್ಟರೆ ಗುಳುಗುಳು ಕೇಳಿದರೆ ನೀರು ಕಟ್ಟಿದೆ. ಉದ್ದ ಹಳದಿ ಉರಿ ಬಂದು ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು, ಒಲೆಯ ಗಾಳಿಕಿಂಡಿ ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲೆದ್ದು ಆರಿಹೋಗುತ್ತಿದ್ದರೆ ಒತ್ತಡ ಜಾಸ್ತಿ. ಗುಮ್ಮಟದ ಪ್ಲಾಂಟಿನಲ್ಲಿ ಬೆಳಗಿನ ಹೊತ್ತು ಇದು ಸಹಜ, ಅಡುಗೆಮನೆಯ ವಾಲ್ವನ್ನು ತಿರುಗಿಸಿ ಒಲೆ ಉರಿಯುವಾಗ ಯು ಟ್ಯೂಬಿನಲ್ಲಿ 75ರಿಂದ 100 ಬರುವಷ್ಟಕ್ಕೆ ಇಳಿಸಿಕೊಳ್ಳಿ. ಆ ಜಾಗಕ್ಕೆ ಹಿಡಿಯ ಪಕ್ಕ ಬಣ್ಣದ ಗೆರೆ ಎಳೆದಿಟ್ಟರೆ ಮನೆಯಲ್ಲಿ ಯಾರು ಬೇಕಾದರೂ ಹೊಂದಿಸಬಹುದು.

ರಬ್ಬರ್ ಟ್ಯೂಬನ್ನು ವರ್ಷಕ್ಕೊಮ್ಮೆ ಬಗ್ಗಿಸಿ ಬಿರುಕು ನೋಡಿ, ಕಂಡರೆ ಅಂದೇ ಬದಲಿಸಿ. ಒಲೆಯ ಹಿಂದಿನ ಕತ್ತಲಲ್ಲಿ ಇಲಿ ಕಚ್ಚಿದ ಗುರುತು ಬಿರುಕಿಗಿಂತ ಮೊದಲು ಸಿಗುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಗುಬ್ಬಿಯ ಜೊತೆ ಗೋಡೆಯ ವಾಲ್ವೂ ಮುಚ್ಚಿ, ಊರಿಗೆ ಹೋಗುವಾಗ ಪ್ಲಾಂಟಿನದ್ದನ್ನೂ.